ಹಳೆಯ ಬೆಳ್ಳಿಯ ಒರೆ
ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಮೈಸೂರಿನ ಜಯಲಕ್ಷ್ಮಿಪುರಂನಂಥ ಬಡಾವಣೆಗಳ ಮನೆಗಳಲ್ಲಿ ಅದಕ್ಕೂ ಹಿಂದಿನಿಂದ ಉಳಿದು ಬಂದ ಪಂಚಪಾತ್ರೆ, ಉದ್ಧರಣೆ, ಕುಂಕುಮದ ಭರಣಿಗಳ ಮೇಲೆ ಆ ಗುರುತು ಇರುವುದಿಲ್ಲ. ಅಷ್ಟಕ್ಕೇ ಅವನ್ನು ಖೋಟಾ ಎನ್ನುವುದು ಅನ್ಯಾಯ. ಅವುಗಳಿಗೆ ಅಕ್ಕಸಾಲಿಗರ ಒರೆಗಲ್ಲೇ ಸಾಕ್ಷಿ. ಕಲ್ಲಿನ ಮೇಲೆ ಉಜ್ಜಿದ ಗೆರೆಗೆ ನೈಟ್ರಿಕ್ ಆಮ್ಲ, ಆಮೇಲೆ ಉಪ್ಪುನೀರು ತಾಗಿಸಿದರೆ ಬೆಳ್ಳಿಯಿದ್ದಲ್ಲಿ ಮೊಸರಿನಂಥ ಬಿಳುಪು ಕಾಣುತ್ತದೆ. ‘ಜರ್ಮನ್ ಸಿಲ್ವರ್’ ಎಂಬುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹೆಸರಿನಲ್ಲಲ್ಲದೆ ಅದರಲ್ಲಿ ಬೆಳ್ಳಿಯಿಲ್ಲ.

ಲಕ್ಷ್ಮೀಪೂಜೆಗೆಂದು ಕಾದಿಟ್ಟ ಬ್ರಿಟಿಷ್ ಕಾಲದ ರೂಪಾಯಿಗಳಲ್ಲಿ ಬೆಳ್ಳಿ ಎಷ್ಟಿದೆ ಎಂಬುದನ್ನು ಇಸವಿಯೇ ಹೇಳಿಬಿಡುತ್ತದೆ. 11.66 ಗ್ರಾಂ ತೂಕದ ಆ ನಾಣ್ಯದಲ್ಲಿ ಮೊದಲು ಬೆಳ್ಳಿ ಶೇ. 91.7ರಷ್ಟಿತ್ತು, ಯುದ್ಧಕಾಲದಲ್ಲಿ, 1940ರಿಂದ, ಅದು ಶೇ. 50ಕ್ಕೆ ಇಳಿಯಿತು. 1947ರ ರೂಪಾಯಿ ಪೂರ್ತಿ ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ.