ನಾಗಪುರದ ಆಕಾಶ, ಕಾಂಕಾರ್ಡ್‌ನ ಸುತ್ತುದಾರಿ

ದೇಶದ ನಟ್ಟನಡುವೆ ಇರುವುದೇ ವಿಮಾನಯಾನದಲ್ಲಿ ನಾಗಪುರದ ಬಂಡವಾಳ. 1949ರಲ್ಲಿ ಶುರುವಾದ ರಾತ್ರಿ ಅಂಚೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಇಲ್ಲಿ ಸೇರಿ, ಟಪಾಲು ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ಮರಳುತ್ತಿದ್ದವು. ಇಂದಿನ ಮಿಹಾನ್ ಸರಕು ಕೇಂದ್ರ ನಿಂತಿರುವುದೂ ಅದೇ ಲೆಕ್ಕದ ಮೇಲೆ. ಅಲ್ಲಿ ಏರ್ ಇಂಡಿಯಾಕ್ಕಾಗಿ ಬೋಯಿಂಗ್ ಕಟ್ಟಿಸಿದ ಹ್ಯಾಂಗರಿಗೆ ರಿಪೇರಿಗೆ ಬರುವ ದೊಡ್ಡ ವಿಮಾನಗಳು ಹಾರುವುದು ಶಬ್ದದ ವೇಗದ ಸುಮಾರು 85%ರಲ್ಲಿ. ಅದನ್ನು ಮೀರುವ ವಿಮಾನಕ್ಕೆ ಮಾತ್ರ ನಡುನಾಡೇ ತೊಡಕು.

ಶಬ್ದದ ವೇಗ ದಾಟುವ ಕ್ಷಣದಲ್ಲಿ ಒಮ್ಮೆ ಸ್ಫೋಟದಂಥ ಸದ್ದಾಗಿ ಮುಗಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಆ ವೇಗದಲ್ಲಿ ಇರುವಷ್ಟು ಹೊತ್ತೂ ವಿಮಾನ ಅದನ್ನು ಹತ್ತಾರು ಕಿ.ಮೀ. ಅಗಲದ ಸೆರಗಿನಂತೆ ನೆಲದ ಮೇಲೆ ಎಳೆದುಕೊಂಡೇ ಹೋಗುತ್ತದೆ. 1964ರಲ್ಲಿ ಅಮೆರಿಕ ಸರ್ಕಾರ ಒಕ್ಲಹೋಮ ನಗರಕ್ಕೆ ಸುಮಾರು ಆರು ತಿಂಗಳು, ದಿನಕ್ಕೆ ಎಂಟರಂತೆ, ಈ ಸದ್ದು ಕೇಳಿಸಿ ಜನರ ಸಹನೆಯನ್ನು ಅಳೆಯಿತು. ಕಾಲುಭಾಗಕ್ಕೂ ಹೆಚ್ಚು ಮಂದಿ ಇದರೊಂದಿಗೆ ಬದುಕಲಾಗದು ಎಂದರು. 1973ರಲ್ಲಿ ಅಲ್ಲಿ ನಾಗರಿಕ ವಿಮಾನಗಳು ನೆಲದ ಮೇಲೆ ಶಬ್ದದ ವೇಗ ಮೀರುವುದು ನಿಷೇಧವಾಯಿತು.

ತನ್ನ ನೆಲದ ಮೇಲಿನ ಆಕಾಶ ಆಯಾ ದೇಶದ್ದೇ ಎಂದು 1944ರ ಷಿಕಾಗೊ ಒಪ್ಪಂದ ಹೇಳುತ್ತದೆ. ಅದರ ಬಲ ಕಂಡದ್ದು 1977ರಲ್ಲಿ, ಬ್ರಿಟನ್ನಿನ ಕಾಂಕಾರ್ಡ್ ಬಹ್ರೇನ್ ಮಾರ್ಗವಾಗಿ ಸಿಂಗಪುರಕ್ಕೆ ಹೊರಟಾಗ. ಗೋಳದ ಮೇಲೆ ಬಹ್ರೇನ್‌ನಿಂದ ಸಿಂಗಪುರಕ್ಕೆ ದಾರ ಎಳೆದು ನೋಡಿದರೆ ಅದು ವಿಜಯಪುರ, ರಾಯಚೂರುಗಳ ಹತ್ತಿರವೇ ಹಾಯ್ದು ನೆಲ್ಲೂರಿನ ಉತ್ತರಕ್ಕೆ ಕಡಲು ಸೇರುತ್ತದೆ. (ಪಿಸುಮಾತನ್ನೂ ಬಿಡದೆ ಮರುನುಡಿಯುವ ಗೋಳಗುಮ್ಮಟ ಆ ಸದ್ದಿಗೆ ಏನೆನ್ನುತ್ತಿತ್ತೋ!) ತನ್ನ ಆಕಾಶದಲ್ಲಿ ಆ ವೇಗಕ್ಕೆ ಭಾರತ ಒಪ್ಪಲಿಲ್ಲ. ಕಾಂಕಾರ್ಡ್ ಕಡಲ ಮೇಲೆ ದಕ್ಷಿಣಕ್ಕೆ ಬಳಸಿಕೊಂಡು ಹೋಗಬೇಕಾಯಿತು. ಮಲೇಷ್ಯಾದ ತಕರಾರಿನಿಂದ ಕೆಲವೇ ಹಾರಾಟಗಳ ನಂತರ ಸೇವೆ ನಿಂತು, 1979ರಲ್ಲಿ ಮತ್ತೆ ಶುರುವಾಗಿ, 1980ರಲ್ಲಿ ಪೂರ್ತಿ ನಿಂತಿತು. ತನಗೆಂದು ಕಾದಿರಿಸಿದ್ದ ಎರಡು ಕಾಂಕಾರ್ಡ್‌ಗಳನ್ನು ಏರ್ ಇಂಡಿಯಾ ಅದಕ್ಕೂ ಮೊದಲೇ ಕೈಬಿಟ್ಟಿತ್ತು. ಆಗಿನ ನಿರಾಕರಣೆ ಸರಿಯಾಗಿಯೇ ಇತ್ತು: ಟಿಕೆಟ್ಟು ಕೊಂಡವರು ನೂರು ಮಂದಿ, ಕಿಟಕಿ ಅದುರುವುದು ದಾರಿಯುದ್ದದ ಲಕ್ಷಾಂತರ ಮನೆಗಳದ್ದು.

ಆದರೆ ಅಮೆರಿಕದ ನಿಯಮ ಅಳೆದದ್ದು ವೇಗವನ್ನು. ಜನರಿಗೆ ಬೇಡವಾಗಿದ್ದದ್ದು ಸದ್ದು. 2025ರ ಜೂನ್‌ನಲ್ಲಿ ಅಲ್ಲಿನ ಅಧ್ಯಕ್ಷರು ನಿಷೇಧವನ್ನು ತೆಗೆದು ಸದ್ದಿನ ಮಿತಿಯನ್ನು ಗೊತ್ತುಮಾಡುವಂತೆ ಆದೇಶಿಸಿದರು. ಅಂಥ ಮಿತಿ ಇಲ್ಲಿಗೂ ಬಂದರೆ ಅದನ್ನು ಹೆಚ್ಚು ಎಚ್ಚರದಿಂದ ಓದಬೇಕಾದದ್ದು ನಾಗಪುರದಂಥ ಊರು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲು 500 ಕಿ.ಮೀ.ಗೂ ದೂರ, ಬಳಸಿ ಹೋಗಲು ದಾರಿಯಿಲ್ಲ. ಬೆಂಗಳೂರಿಗೆ ಈ ಸದ್ದಿನ ಪರಿಚಯವಾಗಿದೆ. 2020ರ ಮೇ 20ರ ಮಧ್ಯಾಹ್ನ ಊರಿಗೂರೇ ಬೆಚ್ಚಿ ಭೂಕಂಪವೇ ಎಂದು ವಿಚಾರಿಸಿತ್ತು. ಅದು ವಾಯುಪಡೆಯ ಪರೀಕ್ಷಾ ಹಾರಾಟದ ಸದ್ದು, ವಿಮಾನ ನಗರದಿಂದ ಬಹಳ ಆಚೆಗಿತ್ತು, 65ರಿಂದ 80 ಕಿ.ಮೀ. ದೂರದಿಂದಲೂ ಹೀಗೆ ಕೇಳಿಸಬಹುದು ಎಂದು ರಕ್ಷಣಾ ಇಲಾಖೆ ಆಮೇಲೆ ತಿಳಿಸಿತು.