ಉರುಳಿನಿಂದ ಖೆಡ್ಡಾವರೆಗೆ: ಕಾಡುಪ್ರಾಣಿಗಳಿಗೆ ಒಡ್ಡುವ ಬಲೆಗಳು

ತೋಟದ ಬೇಲಿಯಲ್ಲಿ ಉರುಳಿಗೆ ಸಿಲುಕಿ ಚಿರತೆ ಸತ್ತ ಸುದ್ದಿ ರಾಜ್ಯದ ಒಂದಲ್ಲ ಒಂದು ಜಿಲ್ಲೆಯಿಂದ ಆಗಾಗ ವರದಿಯಾಗುತ್ತಲೇ ಇರುತ್ತದೆ. ಅಂತಹ ಅನೇಕ ಪ್ರಕರಣಗಳಲ್ಲಿ ಉರುಳು ಒಡ್ಡಿದವನ ಗುರಿ ಚಿರತೆಯಲ್ಲ, ಕಾಡುಹಂದಿ. ಬಲೆಗೆ ಮಾತ್ರ ಆ ವ್ಯತ್ಯಾಸ ತಿಳಿಯದು.

ಬೇಟೆಯ ಸಾಧನಗಳ ಪೈಕಿ ಅತ್ಯಂತ ಅಗ್ಗದ್ದೂ ಅತ್ಯಂತ ವ್ಯಾಪಕವಾದದ್ದೂ ಉರುಳೇ. ಹಿಂದೆ ನಾರಿನ ಹಗ್ಗದಿಂದ ಹೆಣೆಯುತ್ತಿದ್ದ ಕುಣಿಕೆಗೆ ಈಗ ದ್ವಿಚಕ್ರ ವಾಹನಗಳ ಕ್ಲಚ್ ಹಾಗೂ ಬ್ರೇಕ್ ತಂತಿಗಳು ಬಳಕೆಯಾಗುತ್ತಿವೆ. ಪ್ರಾಣಿಗಳು ನುಸುಳುವ ಬೇಲಿಯ ಸಂದಿಯಲ್ಲೋ ಕಾಲುದಾರಿಯಲ್ಲೋ ಇದನ್ನು ಇಳಿಬಿಟ್ಟು ಗೂಟಕ್ಕೆ ಬಿಗಿಯಲಾಗುತ್ತದೆ. ತಲೆ ತೂರಿಸಿದ ಹಂದಿಯ ಕುತ್ತಿಗೆಗೆ ಬೀಳುವ ಕುಣಿಕೆ, ಸಪೂರ ದೇಹದ ಚಿರತೆಯಾದರೆ ಸೊಂಟಕ್ಕೆ ಜಾರುವುದುಂಟು. ಬಿಡಿಸಿಕೊಳ್ಳಲು ಎಳೆದಷ್ಟೂ ತಂತಿ ಮಾಂಸದೊಳಗೆ ಇಳಿಯುತ್ತದೆ. ಅರಿವಳಿಕೆ ನೀಡಿ ರಕ್ಷಿಸಿದ ಪ್ರಾಣಿ ಹೊರನೋಟಕ್ಕೆ ಚೇತರಿಸಿಕೊಂಡಂತೆ ಕಂಡರೂ, ಒಳಾಂಗಗಳಿಗೆ ಆದ ಪೆಟ್ಟಿನಿಂದ ಕೆಲ ದಿನಗಳ ಬಳಿಕ ಸಾಯಬಹುದು. ಜನ ಗುಂಪುಗೂಡಿ ಕೂಗಾಡಿದಷ್ಟೂ ಅದರ ಹೋರಾಟ ಹೆಚ್ಚಿ, ಬದುಕುವ ಸಾಧ್ಯತೆ ಕುಗ್ಗುತ್ತದೆ.

ಹುಲಿ ಬೇಟೆಗೆ ಬಳಕೆಯಾಗುವುದು ಕಬ್ಬಿಣದ ಜಾ ಟ್ರ್ಯಾಪ್. ಎರಡು ದವಡೆಗಳು, ಬಲವಾದ ಸ್ಪ್ರಿಂಗ್, ನಡುವೆ ಒಂದು ತಟ್ಟೆ. ಮಣ್ಣು, ತರಗೆಲೆಗಳಿಂದ ಮುಚ್ಚಿದ ತಟ್ಟೆಯ ಮೇಲೆ ಕಾಲಿಟ್ಟೊಡನೆ ದವಡೆಗಳು ಮುಚ್ಚಿಕೊಳ್ಳುತ್ತವೆ. ಚರ್ಮಕ್ಕೆ ಹಾನಿಯಾಗದಂತೆ ಕೊಲ್ಲಬೇಕಾದ್ದರಿಂದ ಕಳ್ಳಬೇಟೆಗಾರರು ಸೆರೆಸಿಕ್ಕ ಹುಲಿಯ ಬಾಯಿಗೆ ಈಟಿಯಿಂದ ತಿವಿಯುತ್ತಾರೆ. ಹೂತಿಟ್ಟ ಇಂತಹ ಕಬ್ಬಿಣವನ್ನು ಪತ್ತೆಹಚ್ಚಲು ದೇಶದ ಕೆಲವು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಲೋಹಶೋಧಕಗಳನ್ನು ಬಳಸಲಾಗಿದೆ. ಯುರೋಪಿಯನ್ ಒಕ್ಕೂಟವು ಕಾಲು ಹಿಡಿಯುವ ಈ ಬಗೆಯ ಬಲೆಗಳ ಬಳಕೆಯನ್ನು 1995ರಿಂದ ನಿಷೇಧಿಸಿದೆ.

ಗುಂಡಿ ತೋಡಿ ಆನೆ ಬೀಳಿಸುವುದು ದಕ್ಷಿಣ ಭಾರತದ ಹಳೆಯ ಪದ್ಧತಿ. ಬಿದ್ದ ರಭಸಕ್ಕೆ ಕಾಲು ಮುರಿದು ಅನೇಕ ಆನೆಗಳು ಸಾಯುತ್ತಿದ್ದವು. ಹಿಂಡನ್ನೇ ಅಟ್ಟಿ ಕಂದಕ ಹಾಗೂ ಮರದ ದಿಮ್ಮಿಗಳ ಆವರಣದೊಳಗೆ ಕೂಡಿಹಾಕುವ ಖೆಡ್ಡಾವನ್ನು 1870ರ ದಶಕದಲ್ಲಿ ಮೈಸೂರು ಸೀಮೆಗೆ ತಂದವರು ಜಿ.ಪಿ. ಸ್ಯಾಂಡರ್ಸನ್. ಮುಂದೆ ಕಾಕನಕೋಟೆಯಲ್ಲಿ ಆನೆಗಳನ್ನು ಕಬಿನಿ ನದಿ ದಾಟಿಸಿ ಆವರಣಕ್ಕೆ ಅಟ್ಟುವ ದೃಶ್ಯ ರಾಜಮನೆತನದ ಅತಿಥಿಗಳಿಗೆ ಉತ್ಸವವೇ ಆಗಿತ್ತು. ಆನೆಗಳ ಪಾಲಿಗೆ ಅದೇನಾಗಿತ್ತೆಂದು ಕೇಳಿದವರು ವಿರಳ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಮೊಲ, ಜಿಂಕೆಗಳನ್ನು ಅಟ್ಟಿ ಕೆಡವುವ ಉದ್ದ ಬಲೆ, ಹಕ್ಕಿಗಳಿಗೆ ಮರದ ಹಾಲಿನಿಂದ ಮಾಡಿದ ಅಂಟು ಮೊದಲಾದವು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ.

ಬಲೆಯ ಸ್ವರೂಪವಿಲ್ಲದಿದ್ದರೂ ಅದೇ ಕೆಲಸ ಮಾಡುವ ಎರಡು ಸಾಧನಗಳು ಹೆಚ್ಚು ಅಪಾಯಕಾರಿ. ಹಿಟ್ಟು ಅಥವಾ ಹಣ್ಣಿನೊಳಗೆ ಹುದುಗಿಸಿದ ಸಿಡಿಮದ್ದು ಕಚ್ಚಿದೊಡನೆ ಸ್ಫೋಟಿಸುತ್ತದೆ. ಮೇಯುವ ದನಗಳ, ನಾಯಿಗಳ ದವಡೆಯೂ ಛಿದ್ರವಾಗುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಬಾಯಿಗಾದ ಇಂತಹ ಗಾಯದಿಂದ ಆಹಾರ ಸೇವಿಸಲಾಗದೆ ನದಿಯಲ್ಲಿ ನಿಂತೇ ಪ್ರಾಣಬಿಟ್ಟಿತು. ಇನ್ನೊಂದು, ಬೇಲಿಗೆ ಅಕ್ರಮವಾಗಿ ಹರಿಸುವ ವಿದ್ಯುತ್. ಇದಕ್ಕೆ ಆನೆಗಳಷ್ಟೇ ಅಲ್ಲ, ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋದ ರೈತರೂ ಬಲಿಯಾಗಿದ್ದಾರೆ.

ಅರಣ್ಯ ಇಲಾಖೆಯ ಬೋನು ಕೂಡ ಬಲೆಯೇ. ಹಿಂಬದಿಯ ಪ್ರತ್ಯೇಕ ಕೋಣೆಯಲ್ಲಿ ನಾಯಿಯನ್ನೋ ಮೇಕೆಯನ್ನೋ ಕಟ್ಟಲಾಗಿರುತ್ತದೆ. ಒಳಹೊಕ್ಕ ಚಿರತೆ ಹಲಗೆ ತುಳಿದಾಗ ಬಾಗಿಲು ಬೀಳುತ್ತದೆ. ಆದರೆ ಇದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಉರುಳು ಹಾಕುವುದು, ಬಲೆಗೆ ಕೆಡಹುವುದು ಮಾತ್ರವಲ್ಲದೆ, ಅದರ ಪ್ರಯತ್ನವನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. 2022ರ ತಿದ್ದುಪಡಿಯ ಬಳಿಕ, ಹುಲಿ, ಚಿರತೆ, ಆನೆ ಮೊದಲಾದ ಒಂದನೇ ಅನುಸೂಚಿಯ ಪ್ರಾಣಿಗಳ ಬೇಟೆಗೆ 3ರಿಂದ 7 ವರ್ಷ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. ಹಂದಿಗೆಂದು ಕಟ್ಟಿದ ತಂತಿಯಲ್ಲಿ ಚಿರತೆ ಸತ್ತಾಗ ಆ ತಂತಿ ಕಟ್ಟಿದವರು ಯಾರೆಂದು ಸಾಬೀತುಪಡಿಸುವುದೇ ತನಿಖಾಧಿಕಾರಿಗಳಿಗೆ ಕಷ್ಟದ ಕೆಲಸ: ಸ್ಥಳದಲ್ಲಿ ಉಳಿಯುವುದು ಒಂದು ಗೂಟ ಮತ್ತು ಒಂದು ತುಂಡು ಕ್ಲಚ್ ತಂತಿ.