ಗದುಗಿನ ಸಂಗೀತ ಮಕ್ಕಳು: ಒಂದೇ ಬೇರಿನ ಎರಡು ಕೊಂಬೆ

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಅಲ್ಲಿ ನೆರೆದ ಭಾರಿ ಜನಸ್ತೋಮದ ಎದುರು ಹಾಡಲು ಕುಳಿತವನು ಕುಂದಗೋಳ ಬಳಿಯ ಯಲಿವಾಳದ ತರುಣ ಬಸವರಾಜ ರಾಜಗುರು. ಅವನಿಗೆ ಅದು ಮೊದಲ ದೊಡ್ಡ ಕಚೇರಿ. ಪಕ್ಕದಲ್ಲಿ ತಬಲಾ ಮುಂದಿಟ್ಟುಕೊಂಡು ಕುಳಿತವರು ಬಾಡಿಗೆಗೆ ಬಂದ ಸಾಥಿದಾರರಲ್ಲ. ಅವನ ಗುರು, ಹುಟ್ಟುಗುರುಡರಾದ ಪಂಚಾಕ್ಷರಿ ಗವಾಯಿಗಳು. ಗುರು ಹಾಡುವಾಗ ಶಿಷ್ಯ ಹಿಂದೆ ಕುಳಿತು ತಂಬೂರಿ ಮೀಟುವುದು ನಮ್ಮ ಸಂಗೀತದ ವಾಡಿಕೆ. ಅಂದು ಆ ವಾಡಿಕೆ ತಿರುವುಮುರುವಾಯಿತು. ಶಿಷ್ಯ ಮುಂದೆ ಹಾಡಿದ, ಗುರು ಅವನ ತಾಳಕ್ಕೆ ಆಸರೆಯಾಗಿ ಕುಳಿತರು.

ಮಕ್ಕಳಿಗೆ ಸಂಗೀತ ಕಲಿಸುವ ವಿಚಾರ ಬಂದಾಗ ಈ ಚಿತ್ರವನ್ನು ನೆನೆಯುವುದು ಒಳ್ಳೆಯದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯಲ್ಲಿ ಪೇಟಿ, ತಬಲಾ, ಪಿಟೀಲು ಕಲಿಯುವ ಮಕ್ಕಳಿಗೆ ಇಂದು ಎರಡು ದಾರಿಗಳು ಕಾಣುತ್ತವೆ. ಒಂದು, ಪಠ್ಯಕ್ರಮ ಹಿಡಿದು ವರುಷ ವರುಷ ಪರೀಕ್ಷೆ ಕಟ್ಟುವ ದಾರಿ. ಇನ್ನೊಂದು, ಗುರುವಿನ ಆಶ್ರಯದಲ್ಲಿದ್ದು ದುಡಿದು ಕಲಿಯುವ ದಾರಿ. ಪರೀಕ್ಷೆಯಿಂದ ಸಂಗೀತ ಬಾರದೆಂದು ಹಳಬರು ಗೊಣಗುತ್ತಾರೆ. ಪ್ರಮಾಣಪತ್ರವಿಲ್ಲದಿದ್ದರೆ ಮಗುವಿನ ಗತಿಯೇನೆಂದು ತಂದೆತಾಯಿ ಕೇಳುತ್ತಾರೆ. ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ ಈ ಎರಡು ದಾರಿಗಳು ಒಂದೇ ಮೂಲದಿಂದ ಹೊರಟವೆಂಬುದು ತಿಳಿಯುತ್ತದೆ. ಆ ಮೂಲ ಇರುವುದು ಮಿರಜದಲ್ಲಿ.

ಮಿರಜದ ನಂಟು

ಸ್ವಾತಂತ್ರ್ಯಕ್ಕೆ ಮುಂಚೆ ಇಂದಿನ ಗದಗ ಜಿಲ್ಲೆಯ ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದಾದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಹೀಗಾಗಿ ಇಲ್ಲಿಯ ಜನರಿಗೆ ಕಂದಾಯ-ಕಚೇರಿಯಿಂದ ಹಿಡಿದು ನಾಟಕ-ಸಂಗೀತದವರೆಗೆ ಕೃಷ್ಣೆಯ ಆಚೆಯ ಆ ಪಟ್ಟಣಗಳ ಬಳಕೆ ಇತ್ತು. ಗದಗ ರೈಲು ಜಂಕ್ಷನ್ ಆದ ಮೇಲೆ ನಾಟಕ ಕಂಪನಿಗಳಿಗೂ ಗವಾಯಿಗಳಿಗೂ ಅದೊಂದು ತಂಗುದಾಣವಾಯಿತು. ಸಿತಾರು, ತಂಬೂರಿಗಳ ತಯಾರಿಕೆಗೆ ಮಿರಜ ಅಂದಿನಿಂದ ಇಂದಿನವರೆಗೂ ಹೆಸರುವಾಸಿ.

ಗ್ವಾಲಿಯರ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದು ನೆಲೆಗೊಳಿಸಿದ ಬಾಳಕೃಷ್ಣ ಬುವಾ ಇಚಲಕರಂಜೀಕರರು ಕೆಲಕಾಲ ಈ ಮಿರಜದಲ್ಲಿದ್ದರು. ಅವರಲ್ಲಿ ಕಲಿತ ಇಬ್ಬರು ಶಿಷ್ಯರು ನಮ್ಮ ಕಥೆಗೆ ಮುಖ್ಯ. ಒಬ್ಬರು ವಿಷ್ಣು ದಿಗಂಬರ ಪಲುಸ್ಕರ, ಇನ್ನೊಬ್ಬರು ನೀಲಕಂಠ ಬುವಾ.

ಪಲುಸ್ಕರರು 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದರು. ತಂದೆ ಕೀರ್ತನಕಾರರು. ಹುಡುಗನಾಗಿದ್ದಾಗ ದತ್ತ ಜಯಂತಿಯ ದಿನ ಪಟಾಕಿಯೊಂದು ಮುಖದ ಹತ್ತಿರ ಸಿಡಿದು ಕಣ್ಣುಗಳಿಗೆ ಭಾರಿ ಪೆಟ್ಟಾಯಿತು. ಚಿಕಿತ್ಸೆಗೆಂದು ಮಿರಜಕ್ಕೆ ಕರೆತಂದರು. ದೃಷ್ಟಿ ಪೂರ್ತಿ ಮರಳಲಿಲ್ಲ. ಶಾಲೆಯ ಓದು ಇನ್ನು ಕಷ್ಟ, ಹುಡುಗನಿಗೆ ಕಂಠವಿದೆ, ಸಂಗೀತ ಕಲಿಸಿರಿ ಎಂದು ಸಲಹೆ ಕೊಟ್ಟವರು ಚಿಕಿತ್ಸೆ ಮಾಡಿದ ವೈದ್ಯರೇ. ಆ ಸಲಹೆ ಬಾಲಕನನ್ನು ಬಾಳಕೃಷ್ಣ ಬುವಾ ಅವರ ಬಾಗಿಲಿಗೆ ಮುಟ್ಟಿಸಿತು.

ಇದೇ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಅದು ರಾಜರ ದರ್ಬಾರಿನ ಆಶ್ರಯದಲ್ಲಿ ಅಲ್ಲ, ಸಾರ್ವಜನಿಕರ ನೆರವಿನ ಮೇಲೆ ನಿಂತ ಶಾಲೆ. ಅಲ್ಲಿಯವರೆಗೆ ಸಂಗೀತ ಬೇಕೆಂದರೆ ಉಸ್ತಾದರ ಮನೆಯಲ್ಲಿ ವರುಷಗಟ್ಟಲೆ ಸೇವೆ ಮಾಡಬೇಕಿತ್ತು. ಅವರು ಯಾವಾಗ, ಎಷ್ಟು ಕಲಿಸುತ್ತಾರೆಂಬುದು ಅವರ ಮನಸ್ಸಿಗೆ ಬಿಟ್ಟದ್ದು. ಪಲುಸ್ಕರರು ಸ್ವರಲಿಪಿ ರೂಪಿಸಿದರು, ಪಾಠಪುಸ್ತಕ ಅಚ್ಚು ಹಾಕಿಸಿದರು, ತರಗತಿಗಳನ್ನು ಗೊತ್ತುಮಾಡಿದರು. ಮನೆತನದಲ್ಲಿ ಸಂಗೀತವಿಲ್ಲದ ಸಾಮಾನ್ಯ ಕುಟುಂಬದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಇದರಿಂದ ಬಾಗಿಲು ತೆರೆಯಿತು. 1931ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಕೂಡಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳ ಸ್ಥಾಪಿಸಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಮಂಡಳದ ಪರೀಕ್ಷೆಗಳು ಉತ್ತರ ಕರ್ನಾಟಕಕ್ಕೂ ಚಿರಪರಿಚಿತ.

ಗದುಗಿಗೆ ಬಂದ ಕೊಂಬೆ

ನೀಲಕಂಠ ಬುವಾ ಹಿಡಿದದ್ದು ಬೇರೆ ದಾರಿ. ಅವರು ಸಂಸ್ಥೆ ಕಟ್ಟಲಿಲ್ಲ; ಎದುರು ಕುಳಿತವರಿಗೆ ಕಲಿಸಿದರು. ಮಲ್ಲಿಕಾರ್ಜುನ ಮನಸೂರರಿಗೆ ಗ್ವಾಲಿಯರ ಗಾಯಕಿಯ ತಳಪಾಯ ಹಾಕಿದವರು ಅವರೇ. ಪಂಚಾಕ್ಷರಿ ಗವಾಯಿಗಳಿಗೂ ಹಿಂದುಸ್ತಾನಿ ಪಾಠ ಅವರಿಂದ ದೊರೆಯಿತು.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಮೊದಲ ಹೆಸರು ಗದಿಗೆಯ್ಯ. ಅಣ್ಣನೂ ಅಂಧ. ಕುರುಡು ಮಕ್ಕಳೆಂದರೆ ಗುಡಿಯ ಮುಂದೆ ಕೈಚಾಚುವವರು ಎಂದೇ ಜನ ತಿಳಿದಿದ್ದ ಕಾಲ ಅದು. ಶಿವಯೋಗಮಂದಿರ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಈ ಮಕ್ಕಳ ಕಂಠ ಕೇಳಿ, ಅವರ ಸಂಗೀತ ಶಿಕ್ಷಣದ ಹೊಣೆ ಹೊತ್ತರು. ಕರ್ನಾಟಕ ಸಂಗೀತವನ್ನೂ ಹಿಂದುಸ್ತಾನಿಯನ್ನೂ ಕಲಿತು ಹೊರಬಂದ ಗವಾಯಿಗಳು, ತಾವು ಪಡೆದದ್ದನ್ನು ತಮ್ಮಂಥ ಮಕ್ಕಳಿಗೆ ಹಂಚಲು ಸಂಚಾರಿ ಸಂಗೀತ ಶಾಲೆ ಕಟ್ಟಿದರು. ಕಣ್ಣಿಲ್ಲದವರು, ತಬ್ಬಲಿಗಳು, ಬಡವರ ಮಕ್ಕಳು ಅವರ ಜೊತೆ ಊರೂರು ಅಲೆದರು. ಊರವರು ಕೊಟ್ಟ ಜೋಳ-ಬೇಳೆಯಲ್ಲಿ ಊಟ, ಮಠ-ಗುಡಿಗಳಲ್ಲಿ ವಸತಿ, ಅಲ್ಲೇ ಪಾಠ. ಈ ಅಲೆದಾಟ 1942ರಲ್ಲಿ ಗದುಗಿನಲ್ಲಿ ನಿಂತಿತು. ಬಸರಿಗಿಡದ ವೀರಪ್ಪನವರ ಉದಾರತೆಯಿಂದ ವೀರೇಶ್ವರ ಪುಣ್ಯಾಶ್ರಮಕ್ಕೆ ಅಲ್ಲಿ ನೆಲೆ ದೊರೆಯಿತು. ಎರಡೇ ವರುಷಕ್ಕೆ, 1944ರ ಜೂನ್ 11ರಂದು, ಗವಾಯಿಗಳು ಲಿಂಗೈಕ್ಯರಾದರು.

ಆಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳ ಬಾಲ್ಯವೂ ಇಂಥದೇ. 1914ರ ಮಾರ್ಚ್ 3ರಂದು ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ. ಸೋದರಮಾವ ಚಂದ್ರಶೇಖರಯ್ಯನವರ ಮನೆಯಲ್ಲಿ ಬೆಳೆದ. ಮಾವನ ಪೇಟಿಯ ಮೇಲೆ ಮಗು ಬೆರಳಾಡಿಸುತ್ತ ತಾನೇ ಸ್ವರ ಹುಡುಕುತ್ತಿತ್ತು. ಪೇಟಿ ಕೆಟ್ಟೀತೆಂದು ಮಾವ ಗದರಲಿಲ್ಲ, ಕಿವಿಗೊಟ್ಟು ಕೇಳಿದರು. ಹುಡುಗನಲ್ಲಿ ಏನೋ ಇದೆಯೆಂದು ತಿಳಿದು ಪಂಚಾಕ್ಷರಿ ಗವಾಯಿಗಳ ಮಡಿಲಿಗೆ ಹಾಕಿದರು. ಆ ಹುಡುಗ ಮುಂದೆ ಪೇಟಿ, ತಬಲಾ, ಪಿಟೀಲು, ಸಾರಂಗಿ ಮೊದಲಾಗಿ ಅನೇಕ ವಾದ್ಯಗಳನ್ನು ನುಡಿಸುವ, ಮೂರು ಭಾಷೆಗಳಲ್ಲಿ ಬರೆಯುವ ಪಂಡಿತರಾದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರುಷ ಸೆಪ್ಟೆಂಬರ್ 17ರಂದು ಅವರು ಇಹಲೋಕ ತ್ಯಜಿಸಿದರು.

ನೂರಾರು ಮಕ್ಕಳಿಗೆ ಪುಕ್ಕಟೆಯಾಗಿ ಅನ್ನ, ಅರಿವೆ, ವಿದ್ಯೆ ಕೊಡುವ ಖರ್ಚು ಎಲ್ಲಿಂದ ಬರಬೇಕು? ಆಶ್ರಮ ತನ್ನದೇ ನಾಟಕ ಕಂಪನಿ ನಡೆಸಿ ದುಡಿಯಿತು. ಪುಟ್ಟರಾಜರು ಹೋದ ಹೋದ ಊರಲ್ಲಿ ಭಕ್ತರು ಅವರ ತುಲಾಭಾರ ಮಾಡಿದರು. ತಕ್ಕಡಿಗೆ ಬಂದದ್ದು ಮಕ್ಕಳ ಅನ್ನವಾಯಿತು. ರೈತರು ಸುಗ್ಗಿಯಲ್ಲಿ ಕಾಳು ಕಳಿಸಿದರು. ಲಾಹೋರಿನ ಶಾಲೆಯ ಹಾಗೆ ಇದೂ ಸಾರ್ವಜನಿಕರ ನೆರವಿನ ಮೇಲೆ ನಿಂತದ್ದೇ. ಬಳ್ಳಾರಿ ಸೀಮೆಯ ತೊಗಲುಬೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ತಮ್ಮ ಸೋದರಳಿಯನನ್ನು ಕರೆತಂದು ಬಿಟ್ಟದ್ದು ಇಲ್ಲಿಗೇ. ಆ ಹುಡುಗ ಹನ್ನೆರಡು ವರುಷ ಇದ್ದು ಕಲಿತ. ಇಂದು ನಾಡು ಅವರನ್ನು ಪಂಡಿತ ಎಂ. ವೆಂಕಟೇಶಕುಮಾರ್ ಎಂದು ಬಲ್ಲದು.

ಮಾಸ್ತರರ ಮಗ

ಗದುಗಿನಲ್ಲೇ 1922ರಲ್ಲಿ ಹುಟ್ಟಿದ ಇನ್ನೊಬ್ಬ ಬಾಲಕನ ಕಥೆ ತಂದೆತಾಯಿಗಳ ಕಷ್ಟವನ್ನೂ ತೋರಿಸುತ್ತದೆ. ಭಜನೆಯ ಮೇಳ, ಮೆರವಣಿಗೆಯ ವಾದ್ಯ ಕೇಳಿದರೆ ಸಾಕು, ಭೀಮಸೇನ ಜೋಶಿ ಎಂಬ ಆ ಹುಡುಗ ಹಿಂಬಾಲಿಸಿ ಹೊರಟುಬಿಡುತ್ತಿದ್ದ. ದಣಿದಲ್ಲೇ ಮಲಗಿ ನಿದ್ದೆ ಹೋಗುತ್ತಿದ್ದ. ಹುಡುಕಿ ಸಾಕಾದ ತಂದೆ, ಶಾಲಾ ಶಿಕ್ಷಕ ಗುರುರಾಜ ಜೋಶಿಯವರು, ಜೋಶಿ ಮಾಸ್ತರರ ಮಗನೆಂದು ಅವನ ಅಂಗಿಯ ಮೇಲೆಯೇ ಬರೆದರು. ಕಂಡವರು ಮನೆಗೆ ಮುಟ್ಟಿಸುತ್ತಿದ್ದರು.

ಮಾಸ್ತರರಿಗೆ ಮಗ ಓದಿ ಮುಂದೆ ಬರಬೇಕೆಂಬ ಆಸೆ. ಆದರೂ ಅವರು ಸಂಗೀತಕ್ಕೆ ಪೂರ್ತಿ ಬಾಗಿಲು ಹಾಕಲಿಲ್ಲ. ಕುರ್ತಕೋಟಿಯ ಚನ್ನಪ್ಪನವರಲ್ಲಿ ಮೊದಲ ಪಾಠವಾಯಿತು. ಶ್ಯಾಮಾಚಾರ್ಯ ಜೋಶಿಯವರಲ್ಲಿ ಹಾಡಿಕೆಯ ಜೊತೆಗೆ ಪೇಟಿಯನ್ನೂ ಕಲಿತ. ಅಷ್ಟಕ್ಕೆ ಹುಡುಗನ ಹಸಿವು ಹಿಂಗಲಿಲ್ಲ. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿ ಮನೆಬಿಟ್ಟ. ರೈಲಿನಲ್ಲಿ ಗ್ವಾಲಿಯರ, ದಿಲ್ಲಿ, ಕಲಕತ್ತೆ ಅಲೆದು ಜಲಂಧರ ಸೇರಿದ. ತಂದೆ ಅಲ್ಲಿಯವರೆಗೂ ಹುಡುಕಿಕೊಂಡು ಹೋಗಿ ಮನೆಗೆ ಕರೆತಂದರು. ಕರೆತಂದ ಮಗನನ್ನು ಮತ್ತೆ ಪಾಟಿಯ ಮುಂದೆ ಕೂಡಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1936ರಲ್ಲಿ ಆತ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾದ. ಬಸವರಾಜ ರಾಜಗುರು ಹಂಪಿಯಲ್ಲಿ ಹಾಡಿದ್ದೂ ಅದೇ ವರುಷ.

ಪ್ರಮಾಣಪತ್ರದ ಬೆಲೆ

ಭೀಮಸೇನರಾಗಲಿ ರಾಜಗುರುವಾಗಲಿ ದೊಡ್ಡವರಾದದ್ದು ಪರೀಕ್ಷೆಯಿಂದಲ್ಲ. ಹಾಗೆಂದು ಪರೀಕ್ಷೆ ವ್ಯರ್ಥವೆನ್ನುವುದು ಅವಸರದ ಮಾತಾದೀತು. ಎಲ್ಲ ಮಕ್ಕಳೂ ಭೀಮಸೇನರಾಗುವುದಿಲ್ಲ. ಉಳಿದವರಿಗೂ ಹೊಟ್ಟೆಯಿದೆ. ಶಾಲೆಯ ಸಂಗೀತ ಶಿಕ್ಷಕನ ಹುದ್ದೆಗೆ ಅರ್ಜಿ ಹಾಕುವಾಗ ಕೈಯಲ್ಲೊಂದು ಕಾಗದ ಬೇಕು. ಕಣ್ಣಿಲ್ಲದ ಹುಡುಗನಿಗಂತೂ ಆ ಕಾಗದ ಯಾರ ಹಂಗೂ ಇಲ್ಲದೆ ಬದುಕುವ ದಾರಿ. ರಾಜ್ಯದಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಹುಕಾಲ ನಡೆಸಿದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಎಷ್ಟೋ ಮನೆಗಳಿಗೆ ಇಂಥ ಅನ್ನದ ದಾರಿ ತೋರಿಸಿವೆ. ಪಂಚಾಕ್ಷರಿ ಗವಾಯಿಗಳ ಹೆಸರಿನಲ್ಲಿ ಗದುಗಿನಲ್ಲಿಯೇ ಸಂಗೀತ ಮಹಾವಿದ್ಯಾಲಯ ನಡೆದದ್ದೂ ಈ ಅಗತ್ಯವನ್ನು ಮನಗಂಡೇ. ಮಿರಜದಿಂದ ಒಡೆದ ಎರಡು ಕೊಂಬೆಗಳು ಇಲ್ಲಿ ಮತ್ತೆ ಕೂಡಿಕೊಂಡವು.

ಪರೀಕ್ಷೆಗಳ ತೀರ್ಪೇ ಕೊನೆಯ ಮಾತಲ್ಲ ಎಂಬುದಕ್ಕೂ ಇತಿಹಾಸದಲ್ಲಿ ಉದಾಹರಣೆ ಇದೆ. ಭಾರತೀಯ ಸಂಗೀತದ ಸೂಕ್ಷ್ಮ ಶ್ರುತಿಗಳಿಗೆ ಪೇಟಿ ಒಗ್ಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸುಮಾರು ಮೂರು ದಶಕ ಮುಂದುವರಿಯಿತು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದಾಗಲೂ ಪೇಟಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಈ ಸೀಮೆಯ ಭಜನಾ ಮಂಡಳಿ, ಪುರಾಣ-ಪ್ರವಚನ, ನಾಟಕದ ರಂಗಗಳಲ್ಲಿ ಪೇಟಿ ನುಡಿಯುತ್ತಲೇ ಇತ್ತು. ಮಕ್ಕಳು ಕಲಿಯುತ್ತಲೇ ಇದ್ದರು.

ಮನೆಯವರ ಪಾಲು

ಪರೀಕ್ಷೆಯ ಕೋಣೆಯಲ್ಲಿ ತಬಲಾ ಕಲಿತ ಮಗುವಿಗೆ ತೀನತಾಲದ ಠೇಕಾ ನುಡಿಸಲು ಹೇಳುತ್ತಾರೆ. ಬಳಿಕ ಅದನ್ನೇ ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳಬೇಕು, ಆಮೇಲೆ ದುಪ್ಪಟ್ಟು ಲಯದಲ್ಲಿ. ಪೇಟಿ, ಪಿಟೀಲಿನವರಿಗೆ ರಾಗದ ಆರೋಹ-ಅವರೋಹ, ಪಕಡ್, ಬಂದಿಶ್ ಕೇಳುತ್ತಾರೆ. ಮೇಲಿನ ಹಂತಗಳಲ್ಲಿ ಬರವಣಿಗೆಯ ಪ್ರಶ್ನೆಪತ್ರಿಕೆಯೂ ಸೇರುತ್ತದೆ. ಕಣ್ಣಿಲ್ಲದ ಮಗು ಬಾಯಲ್ಲಿ ಉತ್ತರ ಹೇಳಿದರೆ ಬರೆದುಕೊಳ್ಳಲು ಇನ್ನೊಂದು ಕೈ ಬೇಕು. ಪರೀಕ್ಷೆಯ ವಾರ ಕಂಠಪಾಠ ಮಾಡಿಸಿದರೆ ಇಷ್ಟನ್ನು ಹೇಗೋ ದಾಟಬಹುದು. ಆದರೆ ಹಾಗೆ ದಾಟಿದವರಲ್ಲಿ ಬಹಳ ಮಕ್ಕಳು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ವಾದ್ಯಕ್ಕೆ ಬಟ್ಟೆ ಮುಚ್ಚಿ ಅಟ್ಟಕ್ಕೇರಿಸುವುದನ್ನು ಎಲ್ಲ ಊರುಗಳಲ್ಲೂ ಕಾಣಬಹುದು.

ಇದನ್ನು ತಪ್ಪಿಸಲು ತಂದೆತಾಯಿಗೆ ಸಂಗೀತ ಬರಬೇಕೆಂದೇನೂ ಇಲ್ಲ. ಜೋಶಿ ಮಾಸ್ತರರು ಗವಾಯಿಗಳಲ್ಲ; ಪಲುಸ್ಕರರಿಗೆ ದಾರಿ ತೋರಿದವರು ವೈದ್ಯರು. ಅವರೆಲ್ಲ ಮಾಡಿದ್ದು ಸಣ್ಣ ಕೆಲಸಗಳು: ಮಗು ನುಡಿಸುವಾಗ ಕೇಳಿದರು, ತಕ್ಕವರ ಬಳಿ ಒಯ್ದರು, ಸಮಯ ಹಿಡಿಯುತ್ತದೆಂದು ಒಪ್ಪಿಕೊಂಡರು. ಇಂದು ತಂಬೂರಿಯ ಶ್ರುತಿ ಮೊಬೈಲಿನಲ್ಲೇ ಸಿಗುತ್ತದೆ, ಮಿರಜದಿಂದ ತರಿಸಬೇಕಿಲ್ಲ. ಆದರೆ ಬೆಳಗಿನ ಅರ್ಧ ತಾಸು ಮಗುವಿನ ಹತ್ತಿರ ಕುಳಿತು ಕೇಳುವ ಕಿವಿಯನ್ನು ಯಾವ ಯಂತ್ರವೂ ಕೊಡಲಾರದು.

ಹಂಪಿಯ ವೇದಿಕೆಯಲ್ಲಿ ಪಂಚಾಕ್ಷರಿ ಗವಾಯಿಗಳಿಗೆ ಶಿಷ್ಯನ ಮುಖ ಕಾಣುತ್ತಿರಲಿಲ್ಲ, ನೆರೆದ ಜನವೂ ಕಾಣುತ್ತಿರಲಿಲ್ಲ. ಹುಡುಗ ಸಮ್‌ಗೆ ಸರಿಯಾಗಿ ಬಂದು ಮುಟ್ಟುತ್ತಾನೆಯೇ ಎಂದು ಅವರು ಕಿವಿಯಿಂದಲೇ ಕಾಯಬೇಕಿತ್ತು. ಅದು ಗುರುವಿನ ಪರೀಕ್ಷೆಯೂ ಆಗಿತ್ತು. ಮಗುವನ್ನು ಪರೀಕ್ಷೆಗೆ ಕಳಿಸಿ ಬಾಗಿಲ ಹೊರಗೆ ನಿಂತ ತಂದೆತಾಯಿಗಳು ಈ ಮಾತನ್ನು ನೆನಪಿಟ್ಟರೆ, ಫಲಿತಾಂಶ ಬಂದ ಮಾರನೆಯ ದಿನವೂ ಮನೆಯಲ್ಲಿ ಪೇಟಿ ನುಡಿಯುತ್ತದೆ.